ಕಾಟಲಿಂಗಪ್ಪನ ಕಿರುಬೆರಳು

ಯಲ್ಲದಕೆರೆಯ ಕಾಟಲಿಂಗಪ್ಪ ಗಡ್ಡ ಬಿಟ್ಟಿದ್ದಾನೆ ಎಂಬುದೇ ಊರಿಗೊಂದು ಸುದ್ದಿಯಾಗಿತ್ತು. ನಲವತ್ತು ವರ್ಷ ಊರಿನವರ ಗಡ್ಡವನ್ನೆಲ್ಲ ಬೋಳಿಸಿದವನು, ತನ್ನ ಕೆನ್ನೆಯ ಮೇಲೆ ಒಂದು ದಿನದ ಕೂದಲನ್ನೂ ಸಹಿಸದವನು, ಈಗ ಎರಡು ತಿಂಗಳಿಂದ ಬಿಳಿಗಡ್ಡ ಹೊತ್ತುಕೊಂಡು ಬಸ್‌ಸ್ಟ್ಯಾಂಡಿನ ಪಕ್ಕದ ತನ್ನ ಅಂಗಡಿಯಲ್ಲಿ ಕೂತಿದ್ದ. ಕೇಳಿದವರಿಗೆಲ್ಲ ಒಂದೇ ಉತ್ತರ.

"ಹರಕೆ ಕಣಪ್ಪ. ಮೊಮ್ಮಗನ ಜವಳ ಐತೆ. ಹಾಲುರಾಮೇಶ್ವರದಾಗೆ ಅವನ ಹುಟ್ಟುಗೂದಲು ತೆಗೆದ ಮೇಲೇನೇ ನಂದು."

ಅಬ್ಬಾ, ಎಂಥ ಭಕ್ತಿ ಎಂದು ಜನ ತಲೆದೂಗಿದರು. ಭಕ್ತಿಯೂ ಇಲ್ಲ, ಹರಕೆಯೂ ಇಲ್ಲ, ಎಲ್ಲ ಬರೀ ಸುಳ್ಳು. ಕಾಟಲಿಂಗಪ್ಪನ ಬಲಗೈ ನಡುಗುತ್ತಿತ್ತು. ತನ್ನ ಗಂಟಲಿನ ಮೇಲೆ ತಾನೇ ಕತ್ತಿ ಇಡಲು ಅವನಿಗೆ ಭಯವಾಗಿತ್ತು.

ಶುರುವಾದದ್ದು ಕಳೆದ ಯುಗಾದಿಯ ಹೊತ್ತಿಗೆ. ಟೀ ಲೋಟ ಹಿಡಿದರೆ ಟೀ ತುಳುಕುತ್ತಿತ್ತು. ಬಿಸಿ ಜಾಸ್ತಿ ಎಂದು ಲೋಟವನ್ನು ಕೆಳಗಿಟ್ಟ. ಮಾರನೆಯ ದಿನವೂ ತುಳುಕಿತು. ಅವತ್ತಿನಿಂದ ಅರ್ಧ ಲೋಟ ಮಾತ್ರ ಹಾಕಿಸಿಕೊಂಡು, ಗೋಡೆಯ ಕಡೆ ಮುಖ ಮಾಡಿ ಕುಡಿಯುವುದನ್ನು ರೂಢಿ ಮಾಡಿಕೊಂಡ. ಹಿರಿಯೂರಿನ ಡಾಕ್ಟರು ಕೈ ಚಾಚಿಸಿ ನೋಡಿ, ಮಾತ್ರೆ ಬರೆದುಕೊಟ್ಟು, "ವಯಸ್ಸಾಯ್ತಲ್ಲ ಯಜಮಾನ್ರೆ, ಕೆಲವರಿಗೆ ಹಿಂಗಾಗುತ್ತೆ. ಗಾಬರಿ ಮಾತ್ರ ಮಾಡ್ಕೋಬೇಡ್ರಿ, ಗಾಬರಿಯಾದಷ್ಟೂ ಜಾಸ್ತಿಯಾಗುತ್ತೆ" ಎಂದರು. ಒಳ್ಳೆ ಮಾತು ಹೇಳಿದರು! ಅಲ್ಲಿಯ ತನಕ ಕೈ ನಡುಗುವುದಕ್ಕೆ ಮಾತ್ರ ಹೆದರುತ್ತಿದ್ದವನು, ಅವತ್ತಿನಿಂದ ಹೆದರುವುದಕ್ಕೂ ಹೆದರತೊಡಗಿದ.

ಒಂದು ಶನಿವಾರ ರಿಟೈರಾದ ಗೊಲ್ಲಪ್ಪ ಮೇಷ್ಟ್ರು ಬಂದು ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರು. ಮೂವತ್ತು ವರ್ಷದ ಗಿರಾಕಿ. ಕುರ್ಚಿಯಲ್ಲಿ ಕೂತ ತಕ್ಷಣ ನಿದ್ದೆ ಮಾಡುವಷ್ಟು ನಂಬಿಕೆ. ಕಾಟಲಿಂಗಪ್ಪ ದವಡೆಯ ಕೆಳಗೆ ಕತ್ತಿ ಇಟ್ಟ. ಕೈ ಒಮ್ಮೆ ಜಿಗಿಯಿತು. ನೊರೆಯ ಮೇಲೆ ಕೆಂಪು ಗೆರೆ ಮೂಡಿತು. ಪಟಿಕದ ಕಲ್ಲು ಒತ್ತಿ ಹಿಡಿದು, "ಮೇಷ್ಟ್ರೆ, ಒಂದು ಗುಳ್ಳೆ ಇತ್ತು" ಎಂದ. ಮೇಷ್ಟ್ರು ಎಂದಿನಷ್ಟೇ ದುಡ್ಡು ಕೊಟ್ಟು ಎದ್ದುಹೋದರು. ಮುಂದಿನ ಶನಿವಾರ ಬರಲಿಲ್ಲ. ಹಿರಿಯೂರಿನ ಬಸ್ಸು ಹತ್ತುವಾಗ ಅಂಗಡಿಯ ಕಡೆ ನೋಡದೆ ಹತ್ತಿದರು. ಬೈದು ಹೋಗಿದ್ದರೆ ಚೆನ್ನಾಗಿತ್ತು ಅನ್ನಿಸಿತು ಕಾಟಲಿಂಗಪ್ಪನಿಗೆ.

ಅಲ್ಲಿಂದ ಮುಂದೆ ಕತ್ತಿಯನ್ನು ಪೆಟ್ಟಿಗೆಗೆ ಹಾಕಿ ಮೆಷಿನ್ ಹಿಡಿದ. ಮೆಷಿನ್ನಿಗೆ ಪ್ಲಾಸ್ಟಿಕ್ ಹಲ್ಲು ತೊಡಿಸಿದರೆ ಅಲಗು ಚರ್ಮ ಮುಟ್ಟುವುದಿಲ್ಲ, ಕೈ ಕುಣಿದರೂ ಏನೂ ಆಗುವುದಿಲ್ಲ. "ಈಗ ಇದೇ ಫ್ಯಾಶನ್" ಎಂದು ಹೇಳಿದ. ಹುಡುಗರು ಒಪ್ಪಿದರು. ಮನೆಯಲ್ಲಿ ಹೆಂಡತಿ ಅನುಸೂಯಳಿಗೆ ಮಾತ್ರ ಗೊತ್ತಿತ್ತು. ಅನ್ನ ಕಲಸುವ ಕೈಯನ್ನು ಹೆಂಡತಿಯಿಂದ ಹೇಗೆ ಮುಚ್ಚಿಡುವುದು?

"ಮಕ್ಕಳಿಗೆ ಹೇಳ್ರಿ" ಎಂದಳು ಅವಳು.

"ಬಾಯಿ ಬಿಟ್ಟೀಯ ಮತ್ತೆ!" ಎಂದ.

ಕಾಟಲಿಂಗಪ್ಪನ ಭಯಕ್ಕೆ ಇನ್ನೂ ಒಂದು ಹಳೆಯ ಕಾರಣವಿತ್ತು. ಅದನ್ನು ಹೇಳಬೇಕಾದರೆ ಅವನ ಅಪ್ಪನ ವಿಷಯಕ್ಕೆ ಬರಬೇಕು.

ಅಪ್ಪ ಮುನಿಯಪ್ಪ ಒಂದು ಥರದ ಮನುಷ್ಯ. ಯಾವ ಸಾಮಾನು ಕೈಗೆ ಬಂದರೂ, ಇದು ಇಲ್ಲಿ ಯಾಕಿದೆ ಎಂದು ತಿಳಿಯುವ ತನಕ ಕೆಳಗಿಡುತ್ತಿರಲಿಲ್ಲ. ಬಾಚಣಿಗೆಯ ಹಲ್ಲು ಅರ್ಧ ದೂರ ದೂರ, ಅರ್ಧ ಒತ್ತೊತ್ತಾಗಿ ಯಾಕೆ? ಮೊದಲು ಸಿಕ್ಕು ಬಿಡಿಸು, ಆಮೇಲೆ ಕೂದಲು ಎತ್ತಿ ಹಿಡಿ. ಕತ್ತರಿಯ ಹಿಡಿಗಳ ನಡುವೆ ಬಟಾಣಿಯಷ್ಟು ರಬ್ಬರ್ ಯಾಕೆ? ಗಿರಾಕಿಯ ಕಿವಿಯ ಹತ್ತಿರ ಟಕಟಕ ಎನ್ನದಿರಲಿ, ಅಲಗು ಅಳತೆ ಮೀರಿ ಮುಚ್ಚದಿರಲಿ. "ಮಾಡಿದೋನು ಸುಮ್ನೆ ಇಟ್ಟಿರಲ್ಲ ಕಣೋ" ಎನ್ನುವುದು ಅವನ ಮಾತು. ದಿನಕ್ಕೆ ಹತ್ತು ಸಲ ಕೇಳಿ ಕೇಳಿ ಕಾಟಲಿಂಗಪ್ಪನಿಗೆ ತಲೆಚಿಟ್ಟು ಹಿಡಿದಿತ್ತು.

ಎಲ್ಲಕ್ಕಿಂತ ಹೆಚ್ಚು ಪಾಠ ಕತ್ತಿಯ ಬಾಲದ್ದು. ಕ್ಷೌರದ ಕತ್ತಿಯನ್ನು ಮಡಿಸಿದರೆ ಅಲಗು ಹಿಡಿಯೊಳಗೆ ಹೋಗುತ್ತದೆ, ಆದರೆ ಇನ್ನೊಂದು ತುದಿಯಲ್ಲಿ ಅರ್ಧ ಬೆರಳುದ್ದದ ಬಾಗಿದ ತಗಡೊಂದು ಹೊರಗೇ ಉಳಿಯುತ್ತದೆ. ಅದೇ ಬಾಲ. ನೋಡಿದರೆ ಯಾತಕ್ಕೂ ಬೇಡದ್ದು. ಕತ್ತಿ ಬಿಚ್ಚಿದಾಗ ಮೂರು ಬೆರಳು ಅಲಗಿನ ಬೆನ್ನ ಮೇಲೆ, ಹೆಬ್ಬೆರಳು ಕೆಳಗೆ, ಕಿರುಬೆರಳು ಆ ಬಾಲದ ಮೇಲೆ. "ಕಿರುಬೆರಳು ಕುಂತ್ರೆ ಕೈ ಕುಂದ್ರುತ್ತೆ" ಎನ್ನುತ್ತಿದ್ದ ಮುನಿಯಪ್ಪ. ಬೆರಳು ಜಾರಿದರೆ ಕಡ್ಡಿಯಲ್ಲಿ ಹೊಡೆಯುತ್ತಿದ್ದ.

ಕಾಟಲಿಂಗಪ್ಪನಿಗೆ ಆಗ ಇಪ್ಪತ್ತನಾಲ್ಕು. ಸೈಕಲ್ಲಿನಲ್ಲಿ ಹಳ್ಳಿ ಹಳ್ಳಿ ಸುತ್ತುವ ಕಾಲ. ಅರ್ಧ ಬ್ಲೇಡು ಹಾಕುವ ಹೊಸ ಕತ್ತಿಯನ್ನು ಪೆಟ್ಟಿಗೆಯಲ್ಲಿಡದೆ ಅಂಗಿಯ ಜೇಬಿನಲ್ಲಿ ಪೆನ್ನು ಸಿಕ್ಕಿಸಿದ ಹಾಗೆ ಸಿಕ್ಕಿಸಿಕೊಂಡು ತಿರುಗುತ್ತಿದ್ದ. ಶೋಕಿ! ಆ ಬಾಲ ಎರಡು ಹೊಸ ಅಂಗಿಗಳ ಜೇಬು ಹರಿದುಹಾಕಿತು. ಮೂರನೆಯ ಅಂಗಿ ಮದುವೆಯದು. ಸಿಟ್ಟು ಬಂದು, ಹಿರಿಯೂರಿನ ವೆಲ್ಡಿಂಗ್ ಅಂಗಡಿಗೆ ಹೋಗಿ ಬಾಲವನ್ನು ಕತ್ತರಿಸಿ ಹಾಕಿಸಿ, ಉಜ್ಜಿಸಿ ನುಣ್ಣಗೆ ಮಾಡಿಸಿಕೊಂಡು ಬಂದ.

ಮುನಿಯಪ್ಪ ಬಾಲ ಹೋಗಿ ಮೊಂಡಾದ ಆ ಕತ್ತಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದ.

"ನನ್ನ ಕೈಗೆ ಬಾಲ ಬ್ಯಾಡಪ್ಪ. ಬಾಲ ಇಲ್ದೇನೇ ನಿನಗಿಂತ ಚೆಂದ ಮಾಡ್ತೀನಿ" ಎಂದ ಮಗ.

"ಮಾಡ್ತೀಯ. ಕೈಯಾಗೆ ಕಸುವು ಇರೋಗಂಟ ಮಾಡ್ತೀಯ" ಎಂದ ಅಪ್ಪ. "ಯಾವತ್ತಾದ್ರೂ ನಿನ್ನ ಗಂಟಲ ಮೇಲೆ ಇನ್ನೊಬ್ರು ಕತ್ತಿ ಇಟ್ಟಾಗ ಗೊತ್ತಾಗ್ತೈತೆ, ಈ ಬಾಲ ಯಾಕೆ ಅಂತ."

ಅವತ್ತಿನಿಂದ ಸಾಯುವ ತನಕ ಮುನಿಯಪ್ಪ ಮಗನ ಕತ್ತಿಗೆ ತನ್ನ ಕೆನ್ನೆ ಕೊಡಲಿಲ್ಲ. ತಾನೇ ಬೋಳಿಸಿಕೊಳ್ಳುತ್ತಿದ್ದ. ಕೊನೆಯ ಮೂರು ವರ್ಷ ಎರಡೂ ಕಣ್ಣು ಮಂಜಾಗಿ ಗೋಡೆ ಸವರಿಕೊಂಡು ನಡೆಯುತ್ತಿದ್ದ, ಆದರೂ ಮುದುಕನ ಕೆನ್ನೆ ಕನ್ನಡಿಯಂತಿರುತ್ತಿತ್ತು. ಕಣ್ಣಿಲ್ಲದೆ ಹೇಗೆ ಮಾಡಿಕೊಳ್ಳುತ್ತಾನೋ ಎಂದು ಕಾಟಲಿಂಗಪ್ಪನಿಗೆ ಬೆರಗು, ಒಳಗೊಳಗೆ ಹೊಟ್ಟೆಯುರಿ ಕೂಡ. ಛಲದ ಮನುಷ್ಯ ಎಂದುಕೊಂಡು ಸುಮ್ಮನಾಗಿದ್ದ.

ಈಗ ಆ ಮಾತುಗಳೆಲ್ಲ ತಿರುಗಿ ಬಂದು ಎದೆಯ ಮೇಲೆ ಕೂತವು. ಯಾಕೆಂದರೆ ಮಗಳು ಯಶೋದಾಳ ಫೋನು ಬಂದಿತ್ತು. ಅವಳನ್ನು ಹೊಸದುರ್ಗದ ಕಡೆ ಕೊಟ್ಟಿತ್ತು.

"ಅಪ್ಪ, ಶಿವುಗೆ ಹನ್ನೊಂದು ತಿಂಗಳು ತುಂಬುತ್ತೆ. ಬರೋ ಸೋಮವಾರ ಜವಳ. ನೀನೇ ತೆಗೀಬೇಕು."

"ಮೆಷಿನ್ ತರ್ತೀನಿ ಕಣವ್ವ. ಕೂಸಿಗೆ ಅದೇ ಒಳ್ಳೇದು."

"ನಮ್ಮತ್ತೆ ಒಪ್ಪಲ್ಲ. ಹುಟ್ಟುಗೂದಲಿಗೆ ಕತ್ತಿ ತಾಗಬೇಕಂತೆ."

ಬೇರೆ ಯಾರಿದ್ದಾರೆ ಎಂದು ಕಾಟಲಿಂಗಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಬೀಗರ ಮನೆಯಲ್ಲಿ ಎರಡು ತಲೆಮಾರಿನಿಂದ ಯಾರೂ ಕತ್ತಿ ಹಿಡಿದವರಲ್ಲ. ಚಿತ್ರದುರ್ಗದ ಸಲೂನಿನಲ್ಲಿರುವ ಮಗ ಎರ್ರಿಸ್ವಾಮಿ ಇದ್ದಾನೆ, ಆದರೆ ಅವನು ಸೋದರಮಾವ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕೂದಲು ನೆಲಕ್ಕೆ ಬೀಳದ ಹಾಗೆ ಸೆರಗಿನಂತೆ ಹರಡಿದ ಹೊಸ ಬಟ್ಟೆಯಲ್ಲಿ ಹಿಡಿಯುವುದು ಅವನ ಕೆಲಸ. ಶಾಸ್ತ್ರ ಮುಗಿಯುವ ತನಕ ಅವನು ಏಳುವ ಹಾಗಿಲ್ಲ. ಇನ್ನು ದೇವಸ್ಥಾನದ ಹತ್ತಿರ ಕ್ಷೌರದವರು ಇರುತ್ತಾರೆ, ನಿಜ. ಆದರೆ ಕಾಟಲಿಂಗಪ್ಪನ ವಂಶದಲ್ಲಿ ಹುಟ್ಟುಗೂದಲಿಗೆ ಹೊರಗಿನವರ ಕತ್ತಿ ತಾಗಿಸಿದ್ದೇ ಇಲ್ಲ. ತಾತನೇ ತೆಗೆಯಬೇಕು. ಯಶೋದಾಳದ್ದನ್ನೂ ಎರ್ರಿಸ್ವಾಮಿಯದ್ದನ್ನೂ ಮುನಿಯಪ್ಪನೇ ತೆಗೆದಿದ್ದ.

ಹನ್ನೊಂದು ತಿಂಗಳ ಕೂಸು. ನೆತ್ತಿ ಇನ್ನೂ ಕೂಡಿರುವುದಿಲ್ಲ. ಬೆರಳಿಟ್ಟರೆ ಮೆತ್ತಗೆ ಮಿಡಿಯುತ್ತದೆ. ಅಲ್ಲಿ ಈ ಕೈ ಜಿಗಿದರೆ?

ಅದನ್ನು ನೆನೆದು ನೆನೆದು ನಿದ್ದೆ ಬರಲಿಲ್ಲ. ಊಟ ಸೇರಲಿಲ್ಲ. ಹಿರಿಯೂರಿಗೆ ಹೋಗಿ ಬಾಲವಿರುವ ಹೊಸ ಕತ್ತಿಯೊಂದನ್ನು ಕೊಂಡು ತಂದ. ಅದರ ಜೊತೆಗೆ ಒಂದು ಪೊಟ್ಟಣ ಬಲೂನು. ಸಲೂನಿನಲ್ಲಿ ಕಲಿಯುವವರು ಊದಿದ ಬಲೂನಿಗೆ ನೊರೆ ಹಚ್ಚಿ ಬೋಳಿಸುತ್ತಾರೆ ಎಂದು ಎರ್ರಿಸ್ವಾಮಿ ಹೇಳಿದ್ದಾಗ, "ಬಲೂನಿಗೂ ಗಡ್ಡ ಬರುತ್ತೇನ್ಲೇ" ಎಂದು ನಕ್ಕವನು ಇವನೇ. ಈಗ ಹಿತ್ತಲಿನ ಬಚ್ಚಲ ಹಿಂದೆ ಯಾರಿಗೂ ಕಾಣದ ಹಾಗೆ ಕೂತು, ಕೆಂಪು ಬಲೂನು ಊದಿ, ನೊರೆ ಹಚ್ಚಿ, ಕತ್ತಿ ಬಿಚ್ಚಿದ.

ಕಿರುಬೆರಳನ್ನು ಬಾಲದ ಮೇಲೆ ಇಟ್ಟ. ಕತ್ತಿ ಎರಡಂಗುಲ ಸರಿಯುವುದರೊಳಗೆ ಬೆರಳು ತಾನಾಗಿ ಮೇಲೆದ್ದಿತು. ಮತ್ತೆ ಕೂರಿಸಿದ. ಮತ್ತೆ ಎದ್ದಿತು. ಮೂವತ್ತೇಳು ವರ್ಷ ಗಾಳಿಯಲ್ಲಿ ತಿರುಗಿದ ಬೆರಳು, ಈಗ ಕೂರು ಎಂದರೆ ಕೂರುತ್ತದೆಯೇ? ಬಲೂನು ಢಂ ಎಂದಿತು. ಎರಡನೆಯದೂ ಒಡೆಯಿತು. ಸಿಟ್ಟಿನಿಂದ ಕಿರುಬೆರಳನ್ನು ಬಾಲಕ್ಕೆ ದಾರ ಸುತ್ತಿ ಕಟ್ಟಿದ. ಆಗ ಇಡೀ ಕೈಯ ನಡುಕ ನೇರವಾಗಿ ಅಲಗಿಗೇ ಇಳಿಯಿತು. ಮೂರನೆಯದು ಮುಟ್ಟುವ ಮೊದಲೇ ಹೋಯಿತು.

ಸದ್ದು ಕೇಳಿ ಅನುಸೂಯ ಬಂದು ನಿಂತಳು. ನೊರೆ ಮೆತ್ತಿದ ರಬ್ಬರ್ ಚೂರುಗಳ ನಡುವೆ, ಬೆರಳಿಗೆ ದಾರ ಕಟ್ಟಿಕೊಂಡು ಕೂತ ಗಂಡನನ್ನು ನೋಡಿದಳು. ನಗಲಿಲ್ಲ. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ದಾರ ಬಿಚ್ಚಿದಳು.

"ಆಗಲ್ಲ ಅಂತ ಹೇಳಿಬಿಡ್ರಿ. ಕೂಸಿನ ಜೀವ."

"ಹೇಳಿದ್ರೆ ನಾನು ಯಾರೇ ಆಮೇಲೆ?" ಎಂದ ಕಾಟಲಿಂಗಪ್ಪ. ಅವಳು ರಬ್ಬರ್ ಚೂರುಗಳನ್ನು ಒಂದೊಂದಾಗಿ ಆಯ್ದು ಸೆರಗಿಗೆ ಹಾಕಿಕೊಂಡಳು.

ಸೋಮವಾರ ಬೆಳಿಗ್ಗೆ ಹಾಲುರಾಮೇಶ್ವರದಲ್ಲಿ ಬಿಸಿಲು ಎಳೆಯದಾಗಿತ್ತು. ದೇವರಿಗೆ ಹಣ್ಣುಕಾಯಿ ಮಾಡಿಸಿಕೊಂಡು ಬಂದು ಮರದ ನೆರಳಲ್ಲಿ ಕಂಬಳಿ ಹಾಸಿದರು. ಎರ್ರಿಸ್ವಾಮಿ ಹೊಸ ಪಂಚೆಯುಟ್ಟು ಚಕ್ಕಂಬಕ್ಕಳ ಹಾಕಿ ಕೂತ. ಶಿವುವನ್ನು ಅವನ ತೊಡೆಯ ಮೇಲೆ ಕೂರಿಸಿದರು. ದಟ್ಟ ಕೂದಲಿನ ದುಂಡು ಕೂಸು, ಎಲ್ಲರನ್ನೂ ನೋಡಿ ಎರಡು ಹಲ್ಲು ಬಿಟ್ಟು ನಗುತ್ತಿತ್ತು. ಬೀಗತಿ ಚಂದ್ರಕ್ಕ ತಟ್ಟೆಯಲ್ಲಿ ಅರಿಶಿನ, ಕುಂಕುಮ, ವೀಳ್ಯದೆಲೆ ಜೋಡಿಸಿ, "ಆಗಲಿ ಬೀಗರೇ. ನಿಮ್ಮ ಕೈಗುಣ ಒಳ್ಳೇದು ಅಂತ ನಮ್ಮ ಸೊಸೆ ಯಾವಾಗ್ಲೂ ಹೇಳ್ತಾಳೆ" ಎಂದಳು.

ಆ ಮಾತು ಬೇರೆ ಬೇಕಿತ್ತೇ ಆ ಹೊತ್ತಿನಲ್ಲಿ!

ಎರ್ರಿಸ್ವಾಮಿ ಕತ್ತರಿಯಿಂದ ಮೊದಲ ಎಳೆ ಕತ್ತರಿಸಿ ವೀಳ್ಯದೆಲೆಯ ಮೇಲಿಟ್ಟ. ಇನ್ನು ಕತ್ತಿಯ ಸರದಿ. ಕಾಟಲಿಂಗಪ್ಪ ಪೆಟ್ಟಿಗೆ ತೆಗೆದ. ಬ್ಲೇಡನ್ನು ಕಾಗದ ಬಿಚ್ಚದೆ ಉದ್ದಕ್ಕೆ ಬಗ್ಗಿಸಿ ಎರಡು ಹೋಳು ಮಾಡಿದ. ಒಂದು ಹೋಳನ್ನು ಕಾಗದದಲ್ಲೇ ಬಿಟ್ಟು, ಇನ್ನೊಂದನ್ನು ತನ್ನ ಹಳೆಯ, ಬಾಲವಿಲ್ಲದ ಮೊಂಡು ಕತ್ತಿಗೆ ಹಾಕಿದ. ಹೊಸ ಕತ್ತಿ ಪೆಟ್ಟಿಗೆಯಲ್ಲೇ ಇತ್ತು. ನಡುಗುವ ಕೈಗೆ ಪರಿಚಯದ ಕತ್ತಿಯೇ ವಾಸಿ ಅನ್ನಿಸಿತ್ತು.

ಮಗುವಿನ ತಲೆ ಒದ್ದೆ ಮಾಡಿದ. ಉಸಿರು ಬಿಗಿಹಿಡಿದು ಕಿವಿಯ ಹಿಂದಿನಿಂದ ಒಂದು ಗೆರೆ ಎಳೆದ. ಬಂತು. ಬಿಳಿ ಚರ್ಮ ಕಂಡಿತು, ಗಾಯವಿಲ್ಲ. ಇನ್ನೊಂದು ಗೆರೆ. ಅದೂ ಬಂತು. ದೇವರೇ, ಇನ್ನು ಹತ್ತು ಗೆರೆ, ಇನ್ನು ಹತ್ತೇ ಗೆರೆ ಎಂದುಕೊಂಡು ಎಡಗೈಯಿಂದ ಕೂದಲು ಸರಿಸಿದ. ನೆತ್ತಿ ಕಂಡಿತು. ಒದ್ದೆ ಕೂದಲಿನ ಕೆಳಗೆ ಅದು ಮೇಲೆ ಕೆಳಗೆ ಮಿಡಿಯುತ್ತಿತ್ತು.

ಅಷ್ಟೇ. ಕೈಗೆ ಬಂದುಬಿಟ್ಟಿತು. ಹಿಂದೆಂದೂ ಬಾರದ ನಡುಕ, ಮಣಿಕಟ್ಟಿನಿಂದ ಹಿಡಿದು ಭುಜದ ತನಕ. ನೆತ್ತಿಯಿಂದ ಒಂದೇ ಬೆರಳು ದೂರದಲ್ಲಿ ಅಲಗು ಅತ್ತ ಇತ್ತ ಓಲಾಡಿತು. ಶಿವು ಹೊಳೆಯುವ ಅಲಗನ್ನು ನೋಡಿ ಹಿಡಿಯಲು ಕೈ ಎತ್ತಿದ. ಎರ್ರಿಸ್ವಾಮಿ ಗಾಬರಿಯಿಂದ ಮಗುವಿನ ಕೈಯನ್ನು ಒತ್ತಿ ಹಿಡಿದ.

"ಯಾಕಪ್ಪ? ಏನಾಯ್ತು?"

ಒಂದು ಸುಳ್ಳನ್ನು ದಾರಿಯಲ್ಲೇ ತಯಾರು ಮಾಡಿಟ್ಟುಕೊಂಡಿದ್ದ: ಮಣಿಕಟ್ಟು ಉಳುಕಿದೆ ಎಂದು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಮಗು ತಲೆಯೆತ್ತಿ ಅವನ ಮುಖವನ್ನೇ ನೋಡುತ್ತಿತ್ತು. ಗೊಲ್ಲಪ್ಪ ಮೇಷ್ಟ್ರು ಕಣ್ಣು ಮುಚ್ಚುತ್ತಿದ್ದ ಅದೇ ನಂಬಿಕೆ. ಕಾಟಲಿಂಗಪ್ಪ ಕತ್ತಿಯನ್ನು ಹಿಂದಕ್ಕೆ ತೆಗೆದು ಕಂಬಳಿಯ ಮೇಲಿಟ್ಟ.

"ಆಗಲ್ಲ" ಎಂದ. "ನನ್ನ ಕೈ ನಡುಗ್ತೈತೆ. ಏಳೆಂಟು ತಿಂಗಳಾಯ್ತು. ಹರಕೆ ಗಿರಕೆ ಏನಿಲ್ಲ, ಗಡ್ಡ ತೆಗೆಯೋಕೆ ಆಗದೆ ಬಿಟ್ಟಿದ್ದು. ನನಗೆ ಭಯ ಆಗ್ತೈತೆ ಕಣ್ರಪ್ಪ. ಭಾಳ ಭಯ ಆಗ್ತೈತೆ."

ಚಂದ್ರಕ್ಕನ ಕೈಯಲ್ಲಿ ತಟ್ಟೆ ಹಾಗೇ ಇತ್ತು. ಅರ್ಧ ಬೋಳಿಸಿದ ತಲೆಯ ಮಗು, ಏಳುವ ಹಾಗಿಲ್ಲದ ಸೋದರಮಾವ. ಹೊರಗಿನವರನ್ನು ಕರೆಸಬೇಕು, ಕರೆಸಿದರೆ ವಂಶದ ಕಟ್ಟಳೆ ಇವತ್ತಿಗೆ ಮುಗಿಯಿತು ಎಂದುಕೊಂಡು ಕಾಟಲಿಂಗಪ್ಪ ತಲೆ ತಗ್ಗಿಸಿದ.

ಯಶೋದಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದು ಅಪ್ಪನ ಪಕ್ಕ ಕೂತಳು.

"ಸರಿಯಪ್ಪ, ಅತ್ಲಾಗೆ."

ಮೊಂಡು ಕತ್ತಿಯನ್ನು ಎತ್ತಿ ನೋಡಿದಳು, ತಲೆಯಾಡಿಸಿದಳು. ಪೆಟ್ಟಿಗೆಯಲ್ಲಿ ಕೈಯಾಡಿಸಿ ಬಾಲದ ಕತ್ತಿಯನ್ನು ತೆಗೆದಳು. ಮೊಂಡು ಕತ್ತಿಯಿಂದ ಅರ್ಧ ಬ್ಲೇಡನ್ನು ಬಿಡಿಸಿ ಇದಕ್ಕೆ ಹಾಕಿದಳು. ಕತ್ತಿ ಬಿಚ್ಚಿದಳು. ಮೂರು ಬೆರಳು ಬೆನ್ನ ಮೇಲೆ, ಹೆಬ್ಬೆರಳು ಕೆಳಗೆ. ಕಿರುಬೆರಳು ಯಾರೂ ಹೇಳದೆ ಹೋಗಿ ಬಾಲದ ಮೇಲೆ ಕೂತಿತು.

ಕಾಟಲಿಂಗಪ್ಪ ಆ ಬೆರಳನ್ನೇ ನೋಡಿದ. "ಯಾರು ಹೇಳ್ಕೊಟ್ರು ನಿನಗೆ?"

"ತಾತ." ಅವಳು ಮಗುವಿನ ತಲೆಯಿಂದ ಕಣ್ಣು ತೆಗೆಯಲಿಲ್ಲ. "ಕಣ್ಣು ಹೋದ ಮೇಲೆ ತಾತನ ಗಡ್ಡ ಯಾರು ತೆಗೀತಿದ್ರು ಅಂದ್ಕಂಡಿದ್ದೆ? ನೀನು ಅಂಗಡಿಗೆ ಹೋದ ಮೇಲೆ ನನ್ನ ಕೈಲಿ ತೆಗೆಸ್ಕೊಳ್ಳೋನು. ನಿಮ್ಮಪ್ಪಂಗೆ ಹೇಳಬ್ಯಾಡ ಅಂತಿದ್ದ. ಬೆರಳು ಜಾರಿದ್ರೆ ಕಡ್ಡೀಲಿ ಹೊಡೆಯೋನು. ನೀರು ಹಾಕಪ್ಪ."

"ಹೆಣ್ಣುಮಗಳು ಕತ್ತಿ ಹಿಡಿಯೋದೇ..." ಎಂದು ಚಂದ್ರಕ್ಕ ಶುರು ಮಾಡಿದಳು.

"ಅತ್ತೆ, ಮಗು ನಂದು. ಈಗ ಮಾತಾಡಿಸಬ್ಯಾಡ್ರಿ" ಎಂದಳು ಯಶೋದಾ. ದನಿ ಏರಿಸಲಿಲ್ಲ. ಚಂದ್ರಕ್ಕ ತಟ್ಟೆ ಹಿಡಿದು ಹಿಂದೆ ಸರಿದಳು.

ಕಾಟಲಿಂಗಪ್ಪ ನೀರಿನಲ್ಲಿ ಕೈಯದ್ದಿ ಮಗುವಿನ ತಲೆಯ ಮೇಲೆ ಹಿಡಿದ. ನಡುಗುವ ಬೆರಳುಗಳಿಂದ ನೀರು ಸಣ್ಣ ಹನಿಗಳಾಗಿ ಉದುರಿತು. ಶಿವು ಕಚಗುಳಿಯಾಗಿ ನಕ್ಕ. ಕತ್ತಿ ನೆತ್ತಿಯ ಹತ್ತಿರ ಬಂತು. ತನ್ನ ಕೈಯಲ್ಲಿದ್ದಾಗ ಆದ ಭಯ ಭಯವೇ ಅಲ್ಲ ಅನ್ನಿಸುವಷ್ಟು ಹೆದರಿಕೆ ಈಗ. ಕಣ್ಣು ಮುಚ್ಚಬೇಕು ಅನ್ನಿಸಿತು, ಮುಚ್ಚಲಾಗಲಿಲ್ಲ. ಯಶೋದಾ ಎಡಗೈಯಿಂದ ಚರ್ಮ ಎಳೆದು ಹಿಡಿದು, ಮಿಡಿಯುವ ಜಾಗದ ಮೇಲೆ ಕತ್ತಿಯನ್ನು ಹೂವಿನ ಮೇಲಿಂದ ಧೂಳು ತೆಗೆಯುವ ಹಾಗೆ ಸರಿಸಿದಳು. ಒಂದು ಗೆರೆ, ಅದರ ಪಕ್ಕ ಇನ್ನೊಂದು. ಕಿರುಬೆರಳು ಕೂತ ಜಾಗದಿಂದ ಏಳಲಿಲ್ಲ.

ಕೂದಲೆಲ್ಲ ಎರ್ರಿಸ್ವಾಮಿಯ ಮಡಿಲಿಗೆ ಬಿತ್ತು. ಚಂದ್ರಕ್ಕ ಬೋಳುತಲೆಗೆ ಅರಿಶಿನ ಗಂಧ ಹಚ್ಚುವಾಗ ಬೆರಳಾಡಿಸಿ ಹುಡುಕಿದಳು. ಒಂದು ಗೀರೂ ಸಿಗಲಿಲ್ಲ. ಅನುಸೂಯ ಮರದ ಬುಡಕ್ಕೆ ತಿರುಗಿ ನಿಂತು ಕಣ್ಣೊರೆಸಿಕೊಂಡಳು.

ಕಾಟಲಿಂಗಪ್ಪ ಪೆಟ್ಟಿಗೆ ಮುಚ್ಚಲು ಹೋದ. ಯಶೋದಾ ತಡೆದಳು. ಕತ್ತಿಯಿಂದ ಮಗುವಿಗೆ ಬಳಸಿದ ಹೋಳನ್ನು ತೆಗೆದೆಸೆದು, ಕಾಗದದಲ್ಲಿ ಉಳಿದಿದ್ದ ಇನ್ನೊಂದು ಹೋಳನ್ನು ಹಾಕಿದಳು.

"ಬಾರಪ್ಪ, ಕುಂತ್ಕ. ಸುಳ್ಳೋ ನಿಜಾನೋ, ದೇವರ ಹೆಸರು ಹೇಳಿದ್ದೀಯ."

ಕಾಟಲಿಂಗಪ್ಪ ಕೂತ. ಅವಳು ಕೊರಳಿಗೆ ಟವೆಲು ಹೊದಿಸಿ ನೊರೆ ಹಚ್ಚಿದಳು. ಎಷ್ಟು ಸಾವಿರ ಜನಕ್ಕೆ ಗದ್ದ ಎತ್ತಿ ಎಂದು ಹೇಳಿದವನು, ತಾನು ಮಾತ್ರ ಅರವತ್ತೊಂದು ವರ್ಷದಲ್ಲಿ ಒಂದು ಸಲವೂ ಇನ್ನೊಬ್ಬರ ಕತ್ತಿಗೆ ಗದ್ದ ಎತ್ತಿದವನಲ್ಲ. ಎತ್ತಿದ. ಗಂಟಲಿಗೆ ಗಾಳಿ ತಾಗಿತು, ಆಮೇಲೆ ತಣ್ಣನೆಯ ಅಲಗು. ಇಷ್ಟು ವರ್ಷ ತನ್ನ ಕುರ್ಚಿಯಲ್ಲಿ ಕೂತವರೆಲ್ಲ ಇಂಥ ಭಯವನ್ನು ನುಂಗಿಕೊಂಡು ಕೂತಿದ್ದರು ಎಂದು ಅವನಿಗೆ ಆಗ ಗೊತ್ತಾಯಿತು. ಅಪ್ಪ ಹೇಳಿದ್ದು ಇದನ್ನೇ. ಕಣ್ಣಿನಿಂದ ನೀರಿಳಿದು ನೊರೆಗೆ ಸೇರಿತು.

"ಅಲ್ಲಾಡಬ್ಯಾಡಪ್ಪ" ಎಂದಳು ಯಶೋದಾ.

ಅವನು ಅಲ್ಲಾಡಲಿಲ್ಲ. ತೊಡೆಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಬಲಗೈ ನಡುಗುತ್ತಲೇ ಇತ್ತು. ಅದನ್ನು ಟವೆಲಿನ ಕೆಳಗೆ ಮುಚ್ಚಲಿಲ್ಲ.